ಸ್ಯಾಮ್ ಸ್ಪೇಡನ ಶ್ರವ್ಯನಾಟಕ

ನಾಟಕವು ದೃಶ್ಯಕಾವ್ಯವೆಂಬುದು ನಮ್ಮ ಲಾಕ್ಷಣಿಕರ ಮತ. ರೇಡಿಯೋ ಬಂದಮೇಲೆ ಕಣ್ಣಿಗೆ ಕಾಣದೆ ಕಿವಿಗೆ ಮಾತ್ರ ಗೋಚರವಾಗುವ ನಾಟಕವೂ ಹುಟ್ಟಿತು. ಅಮೆರಿಕಾ ದೇಶದಲ್ಲಿ ಇಂತಹ ಶ್ರವ್ಯನಾಟಕಗಳು ಹೇರಳವಾಗಿ ಬೆಳೆದುವು. ಅವುಗಳಲ್ಲಿ 1946ರಿಂದ 1951ರವರೆಗೆ ನಡೆದ ‘ಸ್ಯಾಮ್ ಸ್ಪೇಡನ ಸಾಹಸಗಳು’ ಎಂಬುದರ ಚರಿತ್ರೆಯು ವಿನೋದಕರವೂ ವಿಷಾದಕರವೂ ಆಗಿದೆ.

ಈ ಪತ್ತೇದಾರನ ಸೃಷ್ಟಿಕರ್ತನು ಡ್ಯಾಶಿಯೆಲ್ ಹ್ಯಾಮೆಟ್. ಆತನು ಪೂರ್ವದಲ್ಲಿ ಪಿಂಕರ್ಟನ್ ಸಂಸ್ಥೆಯಲ್ಲಿ ತಾನೇ ಪತ್ತೇದಾರನಾಗಿದ್ದವನು. 1930ರಲ್ಲಿ ಪುಸ್ತಕರೂಪವಾಗಿ ಬಂದ ‘ಮಾಲ್ಟೀಸ್ ಫಾಲ್ಕನ್’ ಕಾದಂಬರಿಯ ಸ್ಪೇಡನು ಯಾರನ್ನೂ ನಂಬದ ಕಠಿಣ ಪುರುಷ. 1946ರ ಜುಲೈಯಲ್ಲಿ ಅವನನ್ನು ರೇಡಿಯೋಗೆ ಕರೆತಂದ ನಿರ್ದೇಶಕ ವಿಲಿಯಂ ಸ್ಪಿಯರನು ಅವನ ಬಾಯಲ್ಲಿ ನಗೆಯನ್ನಿಟ್ಟನು. ನಟ ಹವರ್ಡ್ ಡಫ್‌ನ ಕಂಠವು ಅದಕ್ಕೆ ಒದಗಿತು. ಹ್ಯಾಮೆಟನು ಇವುಗಳನ್ನು ಬರೆದವನಲ್ಲ. ಆತನಿಗೆ ಗೌರವಧನವು ಮಾತ್ರ ಸಲ್ಲುತ್ತಿತ್ತು.

ಕಥಾಸಂವಿಧಾನವು ಸರಳವಾದುದು. ಮೊದಲು ಟೆಲಿಫೋನಿನ ಗಂಟೆ. ಕಛೇರಿಯ ಗುಮಾಸ್ತೆಯಾದ ಎಫಿಯು ಮಾತನಾಡುವಳು. ಈ ಪಾತ್ರ ಲುರೀನ್ ಟಟಲ್ ಎಂಬಾಕೆಯದು. ಬಳಿಕ ಸ್ಪೇಡನು ಬಂದು ತಾರೀಖು, ತನ್ನ ಪರವಾನಗಿಯ ಸಂಖ್ಯೆ ಮುಂತಾದುವನ್ನು ಕ್ರಮವಾಗಿ ಹೇಳಿ ವರದಿಯನ್ನು ಬರೆಯಿಸುವನು. ಸ್ಯಾನ್ ಫ್ರಾನ್ಸಿಸ್ಕೋ ನಗರದ ಕೊಲೆಗಳೂ ಕಪಟಗಳೂ ಈ ದಫ್ತರದ ಗಾಂಭೀರ್ಯದಲ್ಲಿ ನಿರೂಪಿತವಾಗುವುದೇ ನಗೆಯ ಮೂಲ. ಹಾಸ್ಯಕ್ಕೂ ಭಯಾನಕಕ್ಕೂ ವಿರೋಧವೆಂದು ಸಾಹಿತ್ಯದರ್ಪಣವು ವಿಧಿಸಿದೆ. ಇಲ್ಲಿಯಾದರೋ ಭಯಾನಕವು ನಡೆದ ಸಂಗತಿ, ಹಾಸ್ಯವು ಅದನ್ನು ಹೇಳುವ ರೀತಿ. ಹೇಳುವವನು ಬದುಕಿ ಬಂದಿದ್ದಾನೆಂಬ ಅಭಯವು ಶ್ರೋತೃಗಳಿಗೆ ಮೊದಲೇ ದೊರೆತಿರುವುದರಿಂದ ವಿರೋಧವು ತಾನಾಗಿ ಪರಿಹಾರವಾಗುತ್ತದೆ.

ಆದರೆ ಹೊರಗಿನ ಭಯವೊಂದು ಈ ನಗೆಯನ್ನು ನುಂಗಿತು. ಕಮ್ಯೂನಿಸ್ಟ್ ಪಕ್ಷದ ಶಂಕೆಯು ಆ ದೇಶವನ್ನು ಆವರಿಸಿದ್ದ 1950ರ ಜೂನಿನಲ್ಲಿ ‘ರೆಡ್ ಚಾನೆಲ್ಸ್’ ಎಂಬ ಪುಸ್ತಿಕೆಯು ಪ್ರಕಟವಾಯಿತು. ಅದರಲ್ಲಿ 151 ಮಂದಿ ಕಲಾವಿದರ, ಬರೆಹಗಾರರ ಹೆಸರುಗಳಿದ್ದುವು; ಹ್ಯಾಮೆಟ್, ಡಫ್ ಇಬ್ಬರೂ ಅವರಲ್ಲಿ ಸೇರಿದ್ದರು. ಇದನ್ನು ಹೊರಡಿಸಿದವರು ಖಾಸಗಿಯವರು. ನ್ಯಾಯಸ್ಥಾನದ ತೀರ್ಪು ಯಾವುದೂ ಇರಲಿಲ್ಲ. ಆದರೂ ನಾಟಕದ ವೆಚ್ಚವನ್ನು ವಹಿಸುತ್ತಿದ್ದ ವೈಲ್ಡ್‌ರೂಟ್ ಕೇಶತೈಲದ ವರ್ತಕರು ಹಿಂದೆಗೆದರು. ಅವರು ಆ ವರ್ಷವೇ ತಮ್ಮ ಎಣ್ಣೆಯ ಹೆಸರನ್ನು ಹೋಲುವ ಚಾರ್ಲಿ ವೈಲ್ಡ್ ಎಂಬ ಬೇರೊಬ್ಬ ಪತ್ತೇದಾರನನ್ನು ನಿಲ್ಲಿಸಿದುದು ಅವರ ನಾಟಕಗಳೆಲ್ಲಕ್ಕಿಂತಲೂ ಹಾಸ್ಯಾಸ್ಪದವಾದುದು. ನವೆಂಬರಿನಲ್ಲಿ ಸ್ಟೀವ್ ಡನ್ ಎಂಬ ನಟನಿಂದ ಸ್ಪೇಡನು ಮರಳಿ ಮಾತನಾಡಿದನಾದರೂ 1951ರ ಏಪ್ರಿಲಿನಲ್ಲಿ ಮೌನವಾದನು.

ಅದೇ ಜುಲೈಯಲ್ಲಿ ಜಾಮೀನು ನಿಧಿಯೊಂದಕ್ಕೆ ಹಣವಿತ್ತವರ ಹೆಸರುಗಳನ್ನು ಹೇಳಲೊಲ್ಲದೆ ಹ್ಯಾಮೆಟನು ಸೆರೆಮನೆಗೆ ಹೋದನು. ಸುಮಾರು ಐದು ತಿಂಗಳು ಅಲ್ಲಿದ್ದನು. ಸಾಕ್ಷ್ಯವಿಲ್ಲದೆ ಯಾರನ್ನೂ ಅಪರಾಧಿಯೆನ್ನಬಾರದೆಂಬುದು ಪತ್ತೇದಾರಿಯ ಮೊದಲ ಪಾಠ. ವಾರವಾರವೂ ಅದನ್ನು ಕೇಳಿ ನಕ್ಕ ಜನರ ನಡುವೆಯೇ ಬರಿಯ ಪಟ್ಟಿಯೊಂದು ಪ್ರಮಾಣವಾಯಿತು. ಸ್ಪೇಡನ ಹಲವು ವರದಿಗಳು ಧ್ವನಿಮುದ್ರಿಕೆಗಳಲ್ಲಿ ಇಂದಿಗೂ ಉಳಿದಿವೆ. ಅವನ್ನು ಕೇಳಿ ನಗುವವರು ಆ ಪಟ್ಟಿಯನ್ನೂ ಮರೆಯದಿರುವುದು ಲೇಸು.