ನೀರು ಬಿಡುವ ಮುನ್ನ: ನಮ್ಮ ತರಬೇತಿ ನಡೆದುಬಂದ ದಾರಿ

ಏಪ್ರಿಲ್ 14ರ ಬೆಳಿಗ್ಗೆ ದೇಶದ ಅಗ್ನಿಶಾಮಕ ಠಾಣೆಗಳಲ್ಲಿ ಮೌನ ಆಚರಿಸುತ್ತೇವೆ. 1944ರ ಅದೇ ದಿನ ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಹಡಗೊಂದು ಹೊತ್ತಿ ಸ್ಫೋಟಗೊಂಡಾಗ ಪ್ರಾಣ ಬಿಟ್ಟ 66 ಮಂದಿ ಅಗ್ನಿಶಾಮಕರನ್ನು ನೆನೆಯುತ್ತೇವೆ. ಅಲ್ಲಿಂದ ಒಂದು ವಾರ ಶಾಲೆಗಳಲ್ಲಿ ಪ್ರಾತ್ಯಕ್ಷಿಕೆ, ಬಡಾವಣೆಗಳಲ್ಲಿ ಜಾಥಾ, ಆಸ್ಪತ್ರೆಗಳಲ್ಲಿ ಅಣಕು ಕಾರ್ಯಾಚರಣೆ. ಆ 66 ಮಂದಿಯ ತ್ಯಾಗವನ್ನು ಎಷ್ಟು ನೆನೆದರೂ ಕಡಿಮೆಯೇ. ಆದರೆ ಅಂದು ಮಧ್ಯಾಹ್ನ ಎರಡು ಗಂಟೆಯಿಂದ ನಾಲ್ಕರವರೆಗೆ ಆ ಹಡಗಿನ ಮೇಲೆ ಏನೇನು ನಡೆಯಿತು, ಯಾರು ಏನು ತೀರ್ಮಾನಿಸಿದರು, ಯಾವ ತೀರ್ಮಾನವನ್ನು ಯಾರೂ ತೆಗೆದುಕೊಳ್ಳಲಿಲ್ಲ ಎಂಬುದನ್ನು ಹೊಸ ಹುಡುಗರಿಗೆ ಬಿಡಿಸಿ ಹೇಳುವುದು ಮಾತ್ರ ಅಪರೂಪ. ನಮ್ಮ ತರಬೇತಿಯ ಇತಿಹಾಸ ಬರೆಯಲು ಕುಳಿತರೆ ನಾನು ಆ ಎರಡು ಗಂಟೆಗಳಿಂದಲೇ ಆರಂಭಿಸಬೇಕು.

ಹಡಗಿನ ಹೆಸರು ಫೋರ್ಟ್ ಸ್ಟೈಕೀನ್. ಇಂಗ್ಲೆಂಡಿನಿಂದ ಹೊರಟು ಕರಾಚಿ ಮುಟ್ಟಿ, ಅಲ್ಲಿ ಹತ್ತಿಯ ಬೇಲುಗಳನ್ನೂ ಎಣ್ಣೆಯ ಪೀಪಾಯಿಗಳನ್ನೂ ತುಂಬಿಕೊಂಡು ಮುಂಬಯಿಗೆ ಬಂದಿತ್ತು. ಅದರ ಹೊಟ್ಟೆಯಲ್ಲಿ ಆಗಲೇ ಸುಮಾರು 1,400 ಟನ್ ಸ್ಫೋಟಕಗಳಿದ್ದವು, ಚಿನ್ನದ ಗಟ್ಟಿಗಳೂ ಇದ್ದವು. ಎರಡನೇ ಸರಕುಕೋಣೆಯಲ್ಲಿ ಕೆಳಗೆ ಹತ್ತಿ, ಅದರ ಮೇಲೆ ಸ್ಫೋಟಕ. ಅಪಾಯಕಾರಿ ಸರಕು ಇದೆ ಎಂದು ಸಾರುವ ಕೆಂಪು ಬಾವುಟ ಹಾರಿರಲಿಲ್ಲ. ಹೊಗೆ ಕಂಡದ್ದು ಮಧ್ಯಾಹ್ನ ಎರಡರ ಹೊತ್ತಿಗೆ. ಅಗ್ನಿಶಾಮಕರು 900 ಟನ್‌ಗೂ ಹೆಚ್ಚು ನೀರು ಸುರಿದರು. ಬೆಂಕಿಯ ಮೂಲ ಸಿಗಲಿಲ್ಲ. ಅಮುಕಿ ಕಟ್ಟಿದ ಹತ್ತಿ ಬೇಲಿನ ಒಳಗೆ ನೀರು ಇಳಿಯುವುದಿಲ್ಲ. ಮೇಲೆ ಒದ್ದೆಯಾಗಿ ಒಳಗೆ ಕನಲುತ್ತಲೇ ಇರುತ್ತದೆ. ಸರಕುಕೋಣೆಯಲ್ಲಿ ನಿಂತ ನೀರು ಕುದಿಯತೊಡಗಿತು. ಹಡಗಿನ ಪಕ್ಕದ ಉಕ್ಕಿನ ಮೇಲೆ ಬಣ್ಣ ಬೊಬ್ಬೆಯೆದ್ದಿತು. ಬೆಂಕಿ ಎಲ್ಲಿದೆ ಎಂದು ಉಕ್ಕೇ ತೋರಿಸುತ್ತಿತ್ತು. ಹಡಗನ್ನು ಅಲ್ಲೇ ಮುಳುಗಿಸಬೇಕೆ, ಹೊರಸಮುದ್ರಕ್ಕೆ ಎಳೆದೊಯ್ಯಬೇಕೆ, ನೀರು ಸುರಿಯುತ್ತಲೇ ಇರಬೇಕೆ ಎಂದು ಮಾತು ನಡೆಯಿತೇ ಹೊರತು ಒಂದೇ ಬಾಯಿಂದ ಒಂದೇ ಆದೇಶ ಹೊರಡಲಿಲ್ಲ. 3.50ಕ್ಕೆ ಹಡಗು ಬಿಡಲು ಹೇಳಿದರು. 4.06ಕ್ಕೆ ಮೊದಲ ಸ್ಫೋಟ, ಅರ್ಧ ಗಂಟೆಯೊಳಗೆ ಎರಡನೆಯದು. ದೂರದ ಶಿಮ್ಲಾದ ಭೂಕಂಪಮಾಪಕಕ್ಕೂ ಅದು ತಟ್ಟಿತು.

ಅಂದು ಧೈರ್ಯಕ್ಕೆ ಕೊರತೆ ಇರಲಿಲ್ಲ, ನೀರಿಗೂ ಇರಲಿಲ್ಲ. ಇರದಿದ್ದದ್ದು ಮೂರು. ಒಳಗೆ ಏನಿದೆ ಎಂಬ ಮಾಹಿತಿ ಸಕಾಲಕ್ಕೆ ಮುಂದಿನ ಸಾಲಿನ ಮನುಷ್ಯನಿಗೆ ತಲುಪುವ ವ್ಯವಸ್ಥೆ. ಇಡೀ ಸ್ಥಳಕ್ಕೆ ಒಬ್ಬನೇ ಹೊಣೆಗಾರ. ಮತ್ತು ಇನ್ನು ಇಲ್ಲಿ ನಿಲ್ಲಬಾರದು ಎಂದು ಹೇಳಬಲ್ಲ ಅಧಿಕಾರ. ಇಂದು ನಾವು ತಂತ್ರ, ಕಾರ್ಯವಿಧಾನ, ಸುರಕ್ಷತೆ ಎಂದು ಬೇರೆ ಬೇರೆ ಪಾಠ ಮಾಡುವ ವಿಷಯಗಳೆಲ್ಲ ಆ ಎರಡು ಗಂಟೆಗಳಲ್ಲೇ ಇವೆ. ಅದಕ್ಕೇ ಅದನ್ನು ಬರೀ ಶ್ರದ್ಧಾಂಜಲಿಗೆ ಬಿಟ್ಟುಬಿಡಬಾರದು ಎನ್ನುವುದು ನನ್ನ ವಾದ.

ಸ್ವಾತಂತ್ರ್ಯ ಬಂದಾಗ ಅಗ್ನಿಶಾಮಕ ಕೆಲಸ ಊರೂರಿಗೆ ಒಂದೊಂದು ರೀತಿ ಇತ್ತು. ದೊಡ್ಡ ಶಹರಗಳಲ್ಲಿ ಮುನಿಸಿಪಾಲಿಟಿಯ ಬ್ರಿಗೇಡ್. ಉಳಿದೆಡೆ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಒಂದು ಊರಿನ ಪೈಪಿನ ಜೋಡಣೆ ಇನ್ನೊಂದು ಊರಿನ ಪಂಪಿಗೆ ಕೂಡುತ್ತದೆ ಎಂಬ ಭರವಸೆಯೂ ಇಲ್ಲದ ಕಾಲ. ದೇಶಕ್ಕೆಲ್ಲ ಒಂದೇ ಪಾಠ ಬೇಕೆಂದು ಕೇಂದ್ರ ಗೃಹ ಸಚಿವಾಲಯ 1956ರಲ್ಲಿ ಉತ್ತರ ಪ್ರದೇಶದ ರಾಂಪುರದಲ್ಲಿ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜನ್ನು ತೆರೆಯಿತು. ಮರುವರ್ಷವೇ ಅದು ನಾಗಪುರಕ್ಕೆ ಬಂತು. ದೇಶದ ಅಗ್ನಿಶಾಮಕ ಅಧಿಕಾರಿಗಳ ನಡುವೆ ಇಂದಿಗೂ ‘ನೀವು ನಾಗಪುರದ ಯಾವ ಬ್ಯಾಚು?’ ಎಂಬ ಪ್ರಶ್ನೆಯಿಂದಲೇ ಪರಿಚಯ ಶುರುವಾಗುತ್ತದೆ. ಸಬ್ ಆಫೀಸರ್ ಕೋರ್ಸು, ಸ್ಟೇಷನ್ ಆಫೀಸರ್ ಕೋರ್ಸು, ಡಿವಿಜನಲ್ ಆಫೀಸರ್ ಕೋರ್ಸು ಎಂಬ ಮೆಟ್ಟಿಲುಗಳು ಅಲ್ಲಿ ರೂಪುಗೊಂಡವು. ಮುಂದೆ ಅಗ್ನಿ ಎಂಜಿನಿಯರಿಂಗ್ ಪದವಿಯೂ ಸೇರಿತು. 2002ರಲ್ಲಿ ಹರ್ಷಿಣಿ ಕಾನ್ಹೇಕರ್ ಆ ಪದವಿಗೆ ಸೇರಿ ಕಾಲೇಜಿನ ಮೊದಲ ವಿದ್ಯಾರ್ಥಿನಿಯಾದರು. ಗಂಡಸರಿಗೆಂದೇ ಕಟ್ಟಿದ್ದ ಕವಾಯತು ಮೈದಾನದಲ್ಲಿ ಅದೇ ಹೋಸು, ಅದೇ ಏಣಿ ಹೊತ್ತು ಅವರು ತೇರ್ಗಡೆಯಾದದ್ದು ನಮ್ಮ ಸೇವೆಗೇ ಒಂದು ಗೌರವ.

ಆ ಕಾಲದ ಪಾಠಕ್ಕೆ ಆಧಾರ ಬ್ರಿಟನ್ನಿನ ಡ್ರಿಲ್ ಪುಸ್ತಕ ಮತ್ತು ಯುದ್ಧಕಾಲದಲ್ಲಿ ಅಲ್ಲಿನ ಸರ್ಕಾರ ಹೊರತಂದ ‘ಮ್ಯಾನುಯಲ್ ಆಫ್ ಫೈರ್‌ಮನ್‌ಶಿಪ್’ ಸಂಪುಟಗಳು. ಅವುಗಳ ಋಣ ದೊಡ್ಡದು. ‘ಗೆಟ್ ಟು ವರ್ಕ್’, ‘ವಾಟರ್ ಆನ್’, ‘ನಾಕ್ ಆಫ್’, ‘ಮೇಕ್ ಅಪ್’ ಎಂಬ ಆಜ್ಞೆಗಳು ಕನ್ನಡ ಮಾತ್ರ ಬಲ್ಲ ಹುಡುಗನಿಗೂ ಒಂದೇ ವಾರದಲ್ಲಿ ರಕ್ತಗತವಾಗುತ್ತಿದ್ದುದು ಅವುಗಳಿಂದಲೇ. ಆದರೆ ಆ ಪುಸ್ತಕಗಳು ಕಲ್ಪಿಸಿಕೊಂಡಿದ್ದ ಊರಿನಲ್ಲಿ ಬೀದಿ ಬೀದಿಗೆ ಹೈಡ್ರೆಂಟ್ ಇತ್ತು. ನಮ್ಮ ಊರುಗಳಲ್ಲಿ ನೀರನ್ನು ಬೆನ್ನ ಮೇಲೆ ಹೊತ್ತುಕೊಂಡೇ ಹೋಗಬೇಕು. ಜಲವಾಹನದ ಟ್ಯಾಂಕ್ ಬರಿದಾದರೆ ಕೆರೆ, ಬಾವಿ, ಖಾಸಗಿ ಟ್ಯಾಂಕರ್ ಎಲ್ಲಿದೆ ಎಂದು ನೋಡಬೇಕು. ಹೀಗಾಗಿ ‘ಮೊದಲ ಟ್ಯಾಂಕಿನ ನೀರನ್ನು ಎಲ್ಲಿಗೆ ಹೊಡೆಯಬೇಕು’ ಎಂಬ ಪ್ರಶ್ನೆ ನಮ್ಮ ಠಾಣಾಧಿಕಾರಿಗೆ ಲಂಡನ್ನಿನ ಅಧಿಕಾರಿಗಿಂತ ಎಷ್ಟೋ ಪಾಲು ಕಠಿಣ. ಪುಸ್ತಕದಲ್ಲಿ ಇಲ್ಲದ ಈ ಪಾಠವನ್ನು ಹಳೆಯ ಲೀಡಿಂಗ್ ಫೈರ್‌ಮನ್‌ಗಳು ಕಿರಿಯರಿಗೆ ಬಾಯಿಂದ ಬಾಯಿಗೆ ದಾಟಿಸಿದರು.

ನಮ್ಮ ರಾಜ್ಯದಲ್ಲಿ 1964ರ ಅಗ್ನಿಶಾಮಕ ದಳ ಕಾಯ್ದೆ ಚದುರಿದ್ದ ಠಾಣೆಗಳನ್ನು ಒಂದು ಇಲಾಖೆಯ ಕೆಳಗೆ ತಂದಿತು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಆರ್. ಎ. ಮುಂಡ್ಕೂರ್ ಅವರ ಹೆಸರಿನ ಅಗ್ನಿಶಾಮಕ ತರಬೇತಿ ಅಕಾಡೆಮಿ ಇದೆ. ಅಲ್ಲಿ ಪಳಗಿದವರು ಇಂದು ಬೀದರಿನಿಂದ ಚಾಮರಾಜನಗರದವರೆಗೂ ಠಾಣೆಗಳಲ್ಲಿದ್ದಾರೆ.

ಕವಾಯತನ್ನು ಹೊರಗಿನವರು ಬರೀ ಶಿಸ್ತು ಎಂದುಕೊಳ್ಳುತ್ತಾರೆ. ಹತ್ತಿರ ನಿಂತು ನೋಡಬೇಕು. ಹದಿನೈದು ಮೀಟರ್ ಉದ್ದದ, 63 ಮಿಲಿಮೀಟರ್ ವ್ಯಾಸದ ಹೋಸನ್ನು ನಡುವಿನಿಂದ ಮಡಿಸಿ ಸುತ್ತಿಟ್ಟಿರುತ್ತಾರೆ. ಕೂಗು ಬಿದ್ದೊಡನೆ ಒಬ್ಬ ಅದನ್ನು ಮುಂದಕ್ಕೆ ಉರುಳಿಸಿ ಒಂದು ತುದಿ ಕೈಯಲ್ಲೇ ಉಳಿಸಿಕೊಳ್ಳುತ್ತಾನೆ, ಇನ್ನೊಬ್ಬ ಇನ್ನೊಂದು ತುದಿ ಹಿಡಿದು ಓಡುತ್ತಾನೆ. ಕಪ್ಲಿಂಗ್ ಕೂತಾಗ ‘ಟಕ್’ ಎಂಬ ಸದ್ದು ಕಿವಿಗೆ ಬೀಳಲೇಬೇಕು; ಬಿದ್ದಿಲ್ಲವೆಂದರೆ ನೀರು ಬಂದಾಗ ಅದು ಕಳಚಿ, ಉಕ್ಕಿನ ತುದಿ ಯಾರ ಮೊಣಕಾಲನ್ನಾದರೂ ಮುರಿಯಬಹುದು. ಬ್ರಾಂಚ್, ಅಂದರೆ ನೀರು ಚಿಮ್ಮುವ ಮೂತಿ, ಹಿಡಿದವನು ಒಂದು ಕಾಲು ಮುಂದಿಟ್ಟು ಮೈಯನ್ನು ಬಾಗಿಸಿ ನಿಲ್ಲದಿದ್ದರೆ ನೀರಿನ ಒತ್ತಡ ಅವನನ್ನು ಹಿಂದಕ್ಕೆ ಒದೆಯುತ್ತದೆ. ನೂರು ಸಲ ಮಾಡಿದ ಮೇಲೆ ಕೈ ತಾನಾಗಿ ಮಾಡುತ್ತದೆ, ತಲೆ ಬಿಡುವಾಗುತ್ತದೆ. ಬಿಡುವಾದ ಆ ತಲೆ ಸುತ್ತ ನೋಡಬೇಕು: ಗಾಳಿ ಯಾವ ಕಡೆ, ಗೋಡೆ ಬಿರುಕು ಬಿಟ್ಟಿದೆಯೇ, ಮೇಲೆ ವಿದ್ಯುತ್ ತಂತಿ ಇದೆಯೇ. ಕವಾಯತಿನ ಉದ್ದೇಶವೇ ಅದು. ಆದರೂ ಬಹಳ ಕಾಲ ನಮ್ಮ ಪರೀಕ್ಷೆಗಳು ಕೈಯ ವೇಗಕ್ಕೆ ಸ್ಟಾಪ್‌ವಾಚ್ ಹಿಡಿದವೇ ಹೊರತು ಕಣ್ಣು ಏನು ಕಂಡಿತು ಎಂದು ಕೇಳಲಿಲ್ಲ.

ಉಸಿರಾಟದ ಉಪಕರಣ, ನಮ್ಮವರ ಬಾಯಲ್ಲಿ ಬಿ.ಎ. ಸೆಟ್, ಬಂದ ಮೇಲೆ ಪಾಠದ ಸ್ವರೂಪವೇ ಬದಲಾಯಿತು. ಅದಕ್ಕೂ ಮೊದಲು ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು ನೆಲಕ್ಕೆ ಮೂಗು ತಾಗಿಸಿ ತೆವಳಿದ ಹಿರಿಯರು ನಮ್ಮಲ್ಲಿದ್ದರು; ಅವರ ಕೆಮ್ಮು ನಿವೃತ್ತಿಯ ನಂತರವೂ ಬಿಡಲಿಲ್ಲ. ಆರು ಲೀಟರಿನ ಸಿಲಿಂಡರಿನಲ್ಲಿ 300 ಬಾರ್ ಒತ್ತಡದ ಗಾಳಿ ಎಂದರೆ 1,800 ಲೀಟರ್. ನಿಮಿಷಕ್ಕೆ 40 ಲೀಟರಿನಂತೆ ಲೆಕ್ಕ ಹಾಕಿದರೆ 45 ನಿಮಿಷ. ಕಾಗದದ ಮೇಲೆ ಅಷ್ಟೇ. ಕತ್ತಲೆಯ ಹೊಗೆಕೋಣೆಗೆ ಮೊದಲ ಸಲ ಇಳಿದ ಹುಡುಗ ಗಾಬರಿಯಲ್ಲಿ ಎರಡರಷ್ಟು ಉಸಿರೆಳೆಯುತ್ತಾನೆ. ಒತ್ತಡ 55 ಬಾರಿನ ಆಸುಪಾಸಿಗೆ ಇಳಿದಾಗ ಶಿಳ್ಳೆ ಹೊಡೆಯುತ್ತದೆ. ಆ ಶಿಳ್ಳೆ ಕೇಳಿದ ಮೇಲೆ ತಿರುಗುತ್ತೇನೆ ಎಂದವನು ಆಗಲೇ ತಡಮಾಡಿದ್ದಾನೆ, ಏಕೆಂದರೆ ಒಳಗೆ ಹೋಗಲು ಬೇಕಾದಷ್ಟೇ ಗಾಳಿ ಹೊರಗೆ ಬರಲೂ ಬೇಕು, ಅದರ ಮೇಲೆ ಆಪತ್ತಿಗೆಂದು ಒಂದಿಷ್ಟು. ಆದ್ದರಿಂದಲೇ ಬಾಗಿಲಲ್ಲಿ ಒಬ್ಬನು ಹಲಗೆ ಹಿಡಿದು ಕೂರಬೇಕು: ಯಾರು ಒಳಹೋದರು, ಎಷ್ಟು ಗಂಟೆಗೆ, ಎಷ್ಟು ಬಾರ್ ಇತ್ತು, ಯಾವಾಗ ಹೊರಬರಬೇಕು. ಜೊತೆಗಾರನಿಲ್ಲದೆ ಯಾರೂ ಒಳಗೆ ಕಾಲಿಡಬಾರದು. ಹಲಗೆ ಹಿಡಿದವನಿಗೆ ಚಪ್ಪಾಳೆ ಸಿಗುವುದಿಲ್ಲ, ಪತ್ರಿಕೆಯಲ್ಲಿ ಫೋಟೋ ಬರುವುದಿಲ್ಲ. ಆದರೂ ತರಬೇತಿಯಲ್ಲಿ ಅತ್ಯಂತ ಚುರುಕಾದ ಹುಡುಗನಿಗೇ ಆ ಹಲಗೆಯನ್ನು ಕೊಡಬೇಕು ಎನ್ನುತ್ತೇನೆ ನಾನು.

ಈ ನಡುವೆ ಬೆಂಕಿಯೇ ಬದಲಾಯಿತು. ಮರದ ಮಂಚ, ಹತ್ತಿಯ ಹಾಸಿಗೆ ಹೋಗಿ ಫೋಮ್ ಸೋಫಾ, ಪ್ಲಾಸ್ಟಿಕ್ ಫಾಲ್ಸ್ ಸೀಲಿಂಗ್, ಗಾಜಿನ ಹೊರಮೈ ಬಂದವು. ಇಂಥ ಕೋಣೆಯಲ್ಲಿ ಹೊಗೆಯೇ ಉರುವಲು. ಚಾವಣಿಯ ಕೆಳಗೆ ಕಟ್ಟಿಕೊಂಡ ಹೊಗೆಯ ಉಷ್ಣತೆ 500ರಿಂದ 600 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಕೋಣೆಯಲ್ಲಿರುವ ಎಲ್ಲವೂ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಮುಚ್ಚಿದ್ದ ಬಾಗಿಲನ್ನು ಯೋಚಿಸದೆ ಒದ್ದು ತೆರೆದರೆ ಹೊಸ ಗಾಳಿ ನುಗ್ಗಿ ನಾವೇ ಬೆಂಕಿಗೆ ಊಟ ಹಾಕಿದಂತೆ. ಸ್ವೀಡನ್ನಿನವರು 1980ರ ದಶಕದಲ್ಲಿ ಹಡಗಿನ ಸರಕು ಸಾಗಿಸುವ ಉಕ್ಕಿನ ಕಂಟೇನರುಗಳ ಒಳಗೆ ನಿಯಂತ್ರಿತ ಬೆಂಕಿ ಹಚ್ಚಿ, ತರಬೇತಿಯವರನ್ನು ಕೂರಿಸಿ, ಹೊಗೆ ಹೇಗೆ ಕೆಳಗಿಳಿಯುತ್ತದೆ ಎಂದು ಕಣ್ಣಾರೆ ತೋರಿಸತೊಡಗಿದರು. ಅಲ್ಲಿ ನೀರನ್ನು ಸುರಿಯುವುದಿಲ್ಲ. ಸಣ್ಣ ಹನಿಗಳಾಗಿ ಕ್ಷಣಮಾತ್ರ ಚಿಮ್ಮಿಸುತ್ತಾರೆ. ಹಬೆಯಾದ ನೀರು ಸುಮಾರು 1,700 ಪಟ್ಟು ಹಿಗ್ಗುತ್ತದೆ. ಸಣ್ಣ ಕೋಣೆಯಲ್ಲಿ ಲೆಕ್ಕ ತಪ್ಪಿದರೆ ಅದೇ ಹಬೆ ಬ್ರಾಂಚ್ ಹಿಡಿದವನನ್ನು ಬೇಯಿಸುತ್ತದೆ. ಜಗತ್ತಿನ ಅನೇಕ ದೇಶಗಳಿಗೆ ಹರಡಿದ ಈ ಕಂಟೇನರ್ ಪಾಠ ನಮ್ಮ ಪ್ರತಿಯೊಬ್ಬ ಅಗ್ನಿಶಾಮಕನಿಗೂ ಸಿಗಬೇಕು.

ಹೊಗೆಯ ಪಾಠವನ್ನು ಬೆಂಗಳೂರು ದುಬಾರಿ ಬೆಲೆ ತೆತ್ತು ಕಲಿಯಿತು. 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊತ್ತಿದ್ದು ವಿದ್ಯುತ್ ಕೇಬಲ್ಲಿನ ಡಕ್ಟು. ಅದರ ಹೊಗೆ ಮೇಲಿನ ಮಹಡಿಗಳಿಗೆ ಏರಿತು. ತುರ್ತು ದಾರಿಗೆ ಬೀಗ ಬಿದ್ದಿತ್ತು. ಒಂಬತ್ತು ಮಂದಿ ಸತ್ತರು. ಉಸಿರು ಕಟ್ಟಿ ಕಿಟಕಿಯ ಗಾಜೊಡೆದು ಕೆಳಗೆ ಹಾರಿದವರು ಅವರಲ್ಲಿದ್ದರು. ಇಂದು ಬೆಂಗಳೂರಿನಲ್ಲಿ 90 ಮೀಟರ್ ಏರುವ ಏಣಿವಾಹನ ಇದೆ, ಸಂತೋಷ. ಆದರೆ ಆ ವಾಹನ ನಿಲ್ಲಲು ಕಟ್ಟಡದ ಸುತ್ತ ಜಾಗ ಬೇಕು, ಅದು ಬರುವಷ್ಟರಲ್ಲಿ ಮೆಟ್ಟಿಲ ಬಾಗಿಲು ತೆರೆದಿರಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗ ಇದನ್ನೆಲ್ಲ ಹೇಳುತ್ತದೆ. ಅದನ್ನು ಓದಿ, ಕಟ್ಟಡದ ಮುಂದೆ ನಿಂತು, ‘ಇಲ್ಲಿ ಹೊಗೆ ಹೇಗೆ ಓಡುತ್ತದೆ’ ಎಂದು ಹೇಳಬಲ್ಲ ಠಾಣಾಧಿಕಾರಿಯನ್ನು ತಯಾರು ಮಾಡುವುದೂ ತರಬೇತಿಯ ಕೆಲಸವೇ. ಬೆಂಕಿ ಬೀಳುವ ಮೊದಲೇ ತನ್ನ ಸರಹದ್ದಿನ ದೊಡ್ಡ ಕಟ್ಟಡಗಳನ್ನು ಹತ್ತಿಳಿದು ನೋಡಿದವನಿಗೆ ರಾತ್ರಿ ಎರಡು ಗಂಟೆಯ ಕರೆಯಲ್ಲಿ ಅರ್ಧ ತೀರ್ಮಾನ ಆಗಲೇ ಸಿದ್ಧವಿರುತ್ತದೆ.

ಉಳಿದರ್ಧ, ಹೊರಗೆ ಬನ್ನಿ ಎನ್ನುವ ತೀರ್ಮಾನ. 2015ರ ಮೇ 9ರಂದು ಮುಂಬಯಿಯ ಕಾಲಬಾದೇವಿಯಲ್ಲಿ ಗೋಕುಲ್ ನಿವಾಸ ಎಂಬ ಹಳೆಯ ಕಟ್ಟಡ ಹೊತ್ತಿ ಉರಿಯುತ್ತಲೇ ಕುಸಿಯಿತು. ಮುಖ್ಯ ಅಗ್ನಿಶಾಮಕ ಅಧಿಕಾರಿ ಸುನಿಲ್ ನೇಸರಿಕರ್ ಸೇರಿ ನಾಲ್ವರು ಹಿರಿಯ ಅಧಿಕಾರಿಗಳನ್ನು ಅದು ಬಲಿ ತೆಗೆದುಕೊಂಡಿತು; ಕೆಲವರು ಸುಟ್ಟಗಾಯಗಳಿಂದ ಆಸ್ಪತ್ರೆಯಲ್ಲಿ ದಿನಗಟ್ಟಲೆ ನರಳಿ ತೀರಿಕೊಂಡರು. ತಮ್ಮ ಹುಡುಗರ ಜೊತೆ ಮುಂಚೂಣಿಯಲ್ಲಿ ನಿಂತ ಅಧಿಕಾರಿಗಳು ಅವರು. ಅವರನ್ನು ಗೌರವಿಸುತ್ತಲೇ ಕೇಳಬೇಕಾದ ಪ್ರಶ್ನೆ ಇದೆ: ಮರದ ತೊಲೆಗಳ ಹಳೆಯ ಕಟ್ಟಡ ಎಷ್ಟು ಹೊತ್ತು ಉರಿದ ಮೇಲೆ ನಾವು ಒಳಗಿನ ಹೋರಾಟ ನಿಲ್ಲಿಸಿ, ದೂರ ಸರಿದು, ಪಕ್ಕದ ಮನೆಗಳನ್ನು ಉಳಿಸಿಕೊಳ್ಳಬೇಕು? ಒಳಗೆ ಜೀವ ಇದ್ದರೆ ಒಂದು ಉತ್ತರ, ಬರೀ ಸಾಮಾನು ಇದ್ದರೆ ಇನ್ನೊಂದು. ಬೀದಿಯಲ್ಲಿ ಜನ ಕೂಗುತ್ತಾರೆ, ಮಾಲೀಕ ಕಾಲು ಹಿಡಿಯುತ್ತಾನೆ, ಮುಖಂಡರು ಫೋನ್ ಮಾಡುತ್ತಾರೆ. ಆ ಒತ್ತಡದಲ್ಲಿ ‘ಎಲ್ಲರೂ ಹೊರಗೆ’ ಎಂದು ಹೇಳಲು ಹೋಸು ಹಿಡಿಯುವುದಕ್ಕಿಂತ ಹೆಚ್ಚು ಎದೆಗಾರಿಕೆ ಬೇಕು, ಅದಕ್ಕೂ ಅಭ್ಯಾಸ ಬೇಕು. ಸುರಕ್ಷತೆಯನ್ನೇ ನೋಡಿಕೊಳ್ಳಲು ಪ್ರತ್ಯೇಕ ಅಧಿಕಾರಿಯನ್ನು ಸ್ಥಳದಲ್ಲಿ ನಿಲ್ಲಿಸಿ, ಅವನ ಒಂದು ಶಿಳ್ಳೆಗೆ ಮುಖ್ಯಾಧಿಕಾರಿಯೂ ಹಿಂದೆ ಸರಿಯುವ ಪದ್ಧತಿ ನಮ್ಮಲ್ಲಿ ಗಟ್ಟಿಯಾಗಬೇಕು.

ಸೇರುವಾಗ ಒಮ್ಮೆ ತರಬೇತಿ ಪಡೆದು, ಬಡ್ತಿ ಬಂದಾಗ ಇನ್ನೊಮ್ಮೆ ಪಡೆದು, ನಡುವಿನ ವರ್ಷಗಳನ್ನು ಅನುಭವದ ಮೇಲೆ ದೂಡುವ ಕ್ರಮ ಇನ್ನು ಸಾಲದು. ಠಾಣೆಯಲ್ಲಿ ಸಿಬ್ಬಂದಿ ಕಡಿಮೆ, ಪುನರ್‌ಮನನ ತರಬೇತಿಗೆ ಇಬ್ಬರನ್ನು ಕಳಿಸಿದರೆ ಜಲವಾಹನ ಹೊರಡಿಸುವುದೇ ಕಷ್ಟ ಎಂಬುದು ನಿಜ. ಅದಕ್ಕೆ ಅಕಾಡೆಮಿಯೇ ಠಾಣೆಗೆ ಬರಬೇಕು. ಇದರ ಜೊತೆಗೆ ನನ್ನ ಕೋರಿಕೆ ಒಂದೇ. ಪ್ರತಿ ದೊಡ್ಡ ಕರೆಯ ನಂತರ, ಹೋಸುಗಳು ಒಣಗುವ ಮುನ್ನ, ಅಂದು ಕೆಲಸ ಮಾಡಿದ ಎಲ್ಲರೂ, ಹೊಸದಾಗಿ ಸೇರಿದ ಫೈರ್‌ಮನ್ ಸಹಿತ, ಒಟ್ಟಿಗೆ ಕೂತು ಒಂದು ಪುಟ ಬರೆಯಲಿ. ತಲುಪಿದಾಗ ಏನು ಕಂಡಿತು, ಒಳಗೇನಿದೆ ಎಂದು ಯಾರು ಹೇಳಿದರು, ಮೊದಲ ಟ್ಯಾಂಕಿನ ನೀರು ಎಲ್ಲಿಗೆ ಹೋಯಿತು, ಯಾರ ಶಿಳ್ಳೆ ಎಷ್ಟು ಗಂಟೆಗೆ ಹೊಡೆಯಿತು, ಹಿಂದೆ ಸರಿಯಬೇಕೆಂದು ಯಾರಿಗಾದರೂ ಅನ್ನಿಸಿತ್ತೆ, ಅನ್ನಿಸಿದ್ದರೆ ಅವರು ಅದನ್ನು ಹೇಳಿದರೇ. ಆ ಪುಟದ ಮೇಲೆ ಯಾರಿಗೂ ನೋಟಿಸ್ ಹೋಗುವುದಿಲ್ಲ ಎಂಬ ಲಿಖಿತ ಆದೇಶ ಇಲಾಖೆಯಿಂದ ಹೊರಡಲಿ. ಜಿಲ್ಲೆ ಜಿಲ್ಲೆಯಿಂದ ಅವು ಬನ್ನೇರುಘಟ್ಟ ರಸ್ತೆಯ ಅಕಾಡೆಮಿ ಸೇರಿ, ಮುಂದಿನ ಬ್ಯಾಚಿನ ಹುಡುಗ ಹುಡುಗಿಯರ ಮುಂದೆ ತರಗತಿಯಲ್ಲಿ ಬಿಚ್ಚಿಕೊಳ್ಳಲಿ.