ಧಾತು ಬರ ಕಲಿಸಿದ ಕೂಲಿಯ ಲೆಕ್ಕ

ಬರಗಾಲವನ್ನು ನಾವು ವಿಧಿಯ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತೇವೆ. ಮಳೆ ಮನುಷ್ಯನ ಕೈಯಲ್ಲಿಲ್ಲ, ನಿಜ. ಆದರೆ ಮಳೆ ಕೈಕೊಟ್ಟಾಗ ಯಾರು ಸಾಯುತ್ತಾರೆ ಎಂಬುದನ್ನು ಬಹುಪಾಲು ಮನುಷ್ಯರೇ ತೀರ್ಮಾನಿಸುತ್ತಾರೆ. 1876-78ರ ಬರಗಾಲ ಇದಕ್ಕೆ ಸಾಕ್ಷಿ.

ನಮ್ಮ ಹಿರಿಯರು ಸಂವತ್ಸರದ ಹೆಸರಿನಿಂದ ಅದನ್ನು ಧಾತು ಬರ ಎಂದು ಕರೆದರು. 1876ರಲ್ಲಿ ಮಳೆ ಹೋಯಿತು. ಮರುವರ್ಷ ಪೆಸಿಫಿಕ್ ಸಾಗರದ ನೀರು ವಿಪರೀತ ಕಾದು, ಇಂದು ಎಲ್ ನಿನೊ ಎನ್ನಲಾಗುವ ಸ್ಥಿತಿ ಉಂಟಾಗಿ ಮುಂಗಾರೂ ಸೊರಗಿತು. ಮೊದಲ ಪೆಟ್ಟು ಬಿದ್ದದ್ದು ತುಂಡು ಭೂಮಿಯೂ ಇಲ್ಲದ ಕೂಲಿಕಾರರಿಗೆ. ಬಿತ್ತನೆ ಇಲ್ಲದಿದ್ದರೆ ಕಳೆ ಕೀಳುವ ಕೆಲಸವಿಲ್ಲ, ಕೊಯ್ಲೂ ಇಲ್ಲ. ಕೂಲಿ ನಿಂತ ಹೊತ್ತಿಗೇ ಧಾನ್ಯದ ಬೆಲೆ ಏರಿತು. ಅವರಿಗೆ ಉಳಿದದ್ದು ಸರಕಾರದ ಬರ ಕಾಮಗಾರಿ: ಕಲ್ಲು ಒಡೆಯುವುದು, ಕೆರೆ ಅಗೆಯುವುದು, ರಸ್ತೆ ಹಾಕುವುದು.

1877ರ ಜನವರಿಯಲ್ಲಿ ವೈಸ್‌ರಾಯ್ ಲಿಟ್ಟನ್ ಕಳುಹಿಸಿದ ಸರ್ ರಿಚರ್ಡ್ ಟೆಂಪಲ್ ಈ ಕೂಲಿಯನ್ನು ಇಳಿಸಿದರು. ದಿನವಿಡೀ ದುಡಿದ ಗಂಡಸಿಗೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದಾಣೆ. ಹೆಂಗಸರಿಗೂ ಮಕ್ಕಳಿಗೂ ಅದಕ್ಕಿಂತ ಕಡಿಮೆ. ಮದ್ರಾಸ್ ಪ್ರಾಂತದಲ್ಲಿದ್ದ ಬಳ್ಳಾರಿ, ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡ ಈ ಪ್ರಾಂತಗಳ ಬರಪೀಡಿತ ಜಿಲ್ಲೆಗಳಾಗಿದ್ದವು. ವಿಪರ್ಯಾಸವೆಂದರೆ, 1873-74ರ ಬಿಹಾರ ಬರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಅಸಂಖ್ಯ ಜೀವ ಉಳಿಸಿದವರೂ ಇದೇ ಟೆಂಪಲ್. ಆಗ ಅವರಿಗೆ ಸಿಕ್ಕಿದ್ದು ದುಂದುಗಾರನೆಂಬ ಟೀಕೆ.

ಮದ್ರಾಸಿನ ಆರೋಗ್ಯಾಧಿಕಾರಿ ಡಾ. ವಿಲಿಯಂ ಕಾರ್ನಿಷ್ ಈ ಲೆಕ್ಕವನ್ನು ಒಪ್ಪಲಿಲ್ಲ. ಮೈಮುರಿದು ದುಡಿಯುವ ದೇಹಕ್ಕೆ ಕನಿಷ್ಠ ಒಂದೂವರೆ ಪೌಂಡ್ ಧಾನ್ಯ, ಜೊತೆಗೆ ಬೇಳೆ, ತರಕಾರಿ ಬೇಕೆಂದು ವಾದಿಸಿದರು. ಮುಂಬಯಿ ಪ್ರಾಂತದಲ್ಲಿ ಕೂಲಿಕಾರರೇ ಕೆಲಸ ಬಿಟ್ಟು ಪ್ರತಿಭಟಿಸಿದರು. ಮಾರ್ಚ್‌ನಲ್ಲಿ ಮದ್ರಾಸ್ ಸರಕಾರ ಪಡಿಯನ್ನು ಸ್ವಲ್ಪ ಹೆಚ್ಚಿಸಿತು. ಅಷ್ಟರಲ್ಲಿ ದೇಹಗಳು ಸೋತಿದ್ದವು. ಕಾಲರಾ, ಆಮಶಂಕೆ ಹಬ್ಬಿದವು. ಮಳೆ ಬಂದಾಗ ಅದರ ಬೆನ್ನಿಗೇ ಮಲೇರಿಯಾ ಬಂತು.

ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದ ಮೈಸೂರಿನ ಜನಸಂಖ್ಯೆ 1871ರಲ್ಲಿ 50.55 ಲಕ್ಷವಿತ್ತು. 1881ರಲ್ಲಿ ಅದು 41.86 ಲಕ್ಷಕ್ಕೆ ಕುಸಿದಿತ್ತು.

ಈ ದುರಂತದ ನಂತರ 1883ರಲ್ಲಿ ಬರ ಸಂಹಿತೆ ರೂಪುಗೊಂಡಿತು. ಕಾಮಗಾರಿಯ ಸ್ಥಳದಲ್ಲಿ ಕುಡಿಯುವ ನೀರು, ನೆರಳು, ಪ್ರಥಮ ಚಿಕಿತ್ಸೆ ಇರಲೇಬೇಕೆಂದು 2005ರ ಉದ್ಯೋಗ ಖಾತರಿ ಕಾಯ್ದೆ ಹೇಳಿತು. ಆದರೆ ಈ ನಿಯಮ ಸರಕಾರಿ ಕಾಮಗಾರಿಗೆ ಸೀಮಿತವಾಗಿತ್ತು; ಖಾಸಗಿ ಹೊಲದ ಕೂಲಿಕಾರರನ್ನು ಅದು ಮುಟ್ಟಲಿಲ್ಲ.

ದಾಖಲೆಗಳು ಆರಂಭವಾದಂದಿನಿಂದ 2024ರವರೆಗಿನ ವರ್ಷಗಳಲ್ಲಿ ಭೂಮಿ ಅತಿ ಹೆಚ್ಚು ಕಾದದ್ದು 2024ರಲ್ಲೇ. ರಾಯಚೂರು, ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಕಡಿದ ಕಬ್ಬಿನ ತೂಕಕ್ಕೆ ಕೂಲಿ ಪಡೆಯುವವನಿಗೆ ನೆರಳಲ್ಲಿ ಕುಳಿತ ಅರ್ಧ ಗಂಟೆಯೂ ನಷ್ಟವೇ. ತಲೆ ಸುತ್ತಿದರೂ ಅವನು ಕತ್ತಿ ಕೆಳಗಿಡುವುದಿಲ್ಲ. ವಿರಾಮದ ಹೊತ್ತಿಗೂ ಕೂಲಿ ಕೊಡದೆ ಅವನಿಗೆ ಎಚ್ಚರಿಕೆ ಹೇಳಿ ಏನು ಫಲ?

ಕೂಲಿಕಾರನ ಬೆವರು ಆರುವ ಮುನ್ನ ಅವನ ಕೂಲಿ ಕೊಡಬೇಕೆಂದು ಪ್ರವಾದಿ(ಸ) ಕಲಿಸಿದರು. ಆ ಬೆವರು ಜೀವವನ್ನೇ ಹಿಂಡುವಷ್ಟು ಹರಿಯದಂತೆ ನೋಡಿಕೊಳ್ಳುವುದೂ ಆ ಹಕ್ಕಿನ ಭಾಗವಲ್ಲವೇ? ಟೆಂಪಲ್‌ರ ಲೆಕ್ಕಪುಸ್ತಕದಲ್ಲಿ ಇಲ್ಲದಿದ್ದ ಕಲಂ ಅದೇ.