ಎಡೆದೊರೆ ನಾಡಿನಲ್ಲಿ ನೀರಿನ ಜಾಡು

ಕಾಲುವೆಗಳ ನಗರ ಎಂದ ಕೂಡಲೆ ನಿಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಇಟಲಿಯ ವೆನಿಸ್. ಅಲ್ಲಿ ಬೀದಿಯ ಜಾಗದಲ್ಲಿ ನೀರು, ಬಸ್ಸಿನ ಜಾಗದಲ್ಲಿ ದೋಣಿ. ನಮ್ಮ ರಾಜ್ಯದಲ್ಲಿ ಅಂಥ ನಗರವಿಲ್ಲ. ಆದರೆ ಕಾಲುವೆಯನ್ನೇ ನಂಬಿ ಬದುಕುವ ಒಂದು ನಗರವೂ ಅದರ ಸುತ್ತಲೊಂದು ಸೀಮೆಯೂ ಇವೆ. ಅದೇ ರಾಯಚೂರು. ಇಲ್ಲಿಯ ಕಾಲುವೆಯಲ್ಲಿ ಯಾರೂ ವಿಹಾರ ಮಾಡುವುದಿಲ್ಲ. ಭತ್ತ ಬೆಳೆಯುವುದು, ಹತ್ತಿ ಬೆಳೆಯುವುದು, ಊರಿಗೆ ಕುಡಿಯುವ ನೀರು ಬರುವುದು ಎಲ್ಲವೂ ಅದರಿಂದ. ಮುಂದಿನ ರಜೆಯಲ್ಲಿ ಶಾಲೆಯಿಂದಲೋ ಕಾಲೇಜಿನಿಂದಲೋ ಪ್ರವಾಸ ಹೊರಡುವ ಯೋಚನೆ ನಿಮಗಿದ್ದರೆ, ಮೂರು ದಿನಗಳನ್ನು ರಾಯಚೂರು, ದೇವದುರ್ಗ, ಮಾನ್ವಿಗಳಿಗೆ ಮೀಸಲಿಡಿ. ಕೋಟೆಯನ್ನು ನೋಡಿ, ಗುಡಿಯನ್ನು ನೋಡಿ. ಆದರೆ ಎಲ್ಲ ಕಡೆಯೂ ಒಂದು ಪ್ರಶ್ನೆಯನ್ನು ಜೊತೆಗಿಟ್ಟುಕೊಂಡು ಹೋಗಿ. ಇಲ್ಲಿಗೆ ನೀರು ಎಲ್ಲಿಂದ ಬಂತು, ಯಾರವರೆಗೆ ತಲುಪಿತು?

ಹೊರಡುವ ಮುನ್ನ ಒಮ್ಮೆ ಭೂಪಟವನ್ನು ಬಿಡಿಸಿ ನೋಡಿ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಿನ ಈ ನೆಲವನ್ನು ನಮ್ಮ ಶಾಸನಗಳು ಎಡೆದೊರೆ ಎಂದು ಕರೆದಿವೆ. ಎರಡು ತೊರೆಗಳ ಎಡೆಯ ನಾಡು ಎಂದರ್ಥ. ಚರಿತ್ರೆಯ ಪಠ್ಯಗಳಲ್ಲಿ ನೀವು ಓದಿರುವ ರಾಯಚೂರು ದೋಆಬ್ ಇದೇ. ಇದಕ್ಕಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ತಲೆಮಾರುಗಳವರೆಗೆ ಕಾದಾಡಿದರು; ಬಹಮನಿಯರ ನಂತರ ಬಿಜಾಪುರದ ಆದಿಲ್‌ಶಾಹಿಗಳು ಆ ಹಗೆಯನ್ನು ಮುಂದುವರಿಸಿದರು. ಇಷ್ಟಾದರೂ ಎರಡು ಮಹಾನದಿಗಳ ನಡುವಿನ ಈ ನೆಲದ ಬಹುಭಾಗ ಮಳೆಯನ್ನೇ ನೆಚ್ಚಿದ ಒಣಬೇಸಾಯದ ನೆಲವಾಗಿಯೇ ಉಳಿದಿತ್ತು. ನದಿಗಳು ತಗ್ಗಿನಲ್ಲಿ ಹರಿಯುತ್ತಿದ್ದವು, ಹೊಲಗಳು ಎತ್ತರದಲ್ಲಿದ್ದವು. ಹಂಪಿ, ಆನೆಗೊಂದಿಗಳ ಸುತ್ತ ವಿಜಯನಗರದವರು ಕಟ್ಟಿಸಿದ ಅಣೆಕಟ್ಟು ಕಾಲುವೆಗಳು ಇಂದಿಗೂ ಹರಿಯುತ್ತಿವೆ. ಅವು ನದಿಯ ದಡಕ್ಕೆ ಅಂಟಿಕೊಂಡ ಕಾಲುವೆಗಳು. ಒಳನಾಡಿನ ರೈತನಿಗೆ ಕೆರೆ, ಬಾವಿ, ಆಕಾಶ ಇಷ್ಟೇ ಗತಿ.

ಮೊದಲ ದಿನ ರಾಯಚೂರು ನಗರಕ್ಕೆ ಇರಲಿ. ರೈಲಿನಲ್ಲಿ ಬಂದರೆ ಇಳಿಯುವ ನಿಲ್ದಾಣಕ್ಕೂ ಚರಿತ್ರೆಯುಂಟು: 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲುಹಾದಿಯೂ ಮದರಾಸಿನ ಕಡೆಯಿಂದ ಬಂದ ಹಾದಿಯೂ ಕೂಡಿದ್ದು ಇಲ್ಲಿ. ಅಲ್ಲಿಂದ ಕೋಟೆಗೆ ಹೋಗಿ. ಒಳಕೋಟೆಯ ಪಶ್ಚಿಮದ ಗೋಡೆಯಲ್ಲಿ 41 ಅಡಿಗಿಂತಲೂ ಉದ್ದವಾದ ಒಂದೇ ಕಲ್ಲಿದೆ. ಕಾಕತೀಯರ ಸಾಮಂತ ಗೋನ ಗನ್ನಾರೆಡ್ಡಿಯ ಸೇನಾನಿ ವಿಠಲನಾಥನು 1294ರಲ್ಲಿ ಈ ಕೋಟೆಯನ್ನು ಕಟ್ಟಿಸಿದನೆಂದು ಅದರ ಮೇಲಿನ ಶಾಸನ ತಿಳಿಸುತ್ತದೆ. ಅಷ್ಟು ದೊಡ್ಡ ಕಲ್ಲನ್ನು ತಂದದ್ದು ಹೇಗೆ ಎಂಬುದಕ್ಕೂ ಉತ್ತರ ಅಲ್ಲಿಯೇ ಇದೆ. ಕೋಣಗಳ ಸಾಲನ್ನು ಹೂಡಿದ ಬಂಡಿಯ ಮೇಲೆ ಕಲ್ಲು ಬರುತ್ತಿರುವ ಚಿತ್ರವನ್ನು ಗೋಡೆಯಲ್ಲೇ ಕೆತ್ತಿದ್ದಾರೆ. ಅರಸರ ಹೆಸರುಗಳನ್ನು ಬಾಯಿಪಾಠ ಮಾಡಿ ಬೇಸತ್ತ ವಿದ್ಯಾರ್ಥಿಗೆ ಆ ಚಿತ್ರ ಬಹಳ ಇಷ್ಟವಾಗುವುದೆಂದು ನನ್ನ ನಂಬಿಕೆ. ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳಿ.

ಬಾಲಾ ಹಿಸಾರ್ ಬೆಟ್ಟವನ್ನು ಬಿಸಿಲೇರುವ ಮೊದಲೇ ಹತ್ತಿ. ಕೆಳಗೆ ಆಮ್ ತಲಾಬ್ ಕೆರೆ ಕಾಣುತ್ತದೆ. ಊರೊಳಗೆ 1513ರ ಸುಮಾರಿನ, ಒಂದೇ ಮಿನಾರಿನ ಮಸೀದಿಯಿದೆ. ಹೊರಕೋಟೆಯ ನವರಂಗ ದರವಾಜವನ್ನೂ ಬಿಡಬೇಡಿ. ಆದರೆ ಬೆಟ್ಟದ ಮೇಲೆ ನಿಂತಾಗ ನೆನೆಯಬೇಕಾದದ್ದು 1520ರ ಯುದ್ಧವನ್ನು. ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್ ಶಹನನ್ನು ಸೋಲಿಸಿ ಈ ಕೋಟೆಯನ್ನು ಗೆದ್ದ ಕತೆಯನ್ನು ಪೋರ್ಚುಗೀಸ್ ವರ್ತಕ ಫೆರ್ನಾವೊ ನೂನಿಜ್ ವಿಸ್ತಾರವಾಗಿ ಬರೆದಿದ್ದಾನೆ. ಆನೆ, ಕುದುರೆ, ತುಪಾಕಿಗಳ ಲೆಕ್ಕವನ್ನು ಎಲ್ಲರೂ ಓದುತ್ತಾರೆ. ಆತ ನೀರಿನ ವಿಷಯವನ್ನೂ ಹೇಳಿದ್ದಾನೆ, ಅದನ್ನು ಓದುವವರು ಕಡಿಮೆ. ಸೈನ್ಯದಲ್ಲಿ ಯಾರೂ ಬಾಯಾರಿ ಸಾಯಬಾರದೆಂದು ದಾರಿಯುದ್ದಕ್ಕೂ ಹನ್ನೆರಡು ಸಾವಿರ ಮಂದಿ ನೀರು ಹೊರುವವರನ್ನು ನಿಲ್ಲಿಸಿದ್ದರಂತೆ. ಕೋಟೆಯೊಳಗೆ ಕೆರೆ ಬಾವಿಗಳಿದ್ದುದರಿಂದ ನೀರಿಲ್ಲದೆ ಊರು ಸೋಲುವ ಭಯವೇ ಇರಲಿಲ್ಲವಂತೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆಯಿರಬಹುದು. ಆದರೆ ಬೇಸಿಗೆಯಲ್ಲಿ ಎಡೆದೊರೆ ನಾಡನ್ನು ದಾಟುವವನು ಮೊದಲು ಯಾವುದನ್ನು ಚಿಂತಿಸಬೇಕು ಎಂಬುದು ಅದರಿಂದ ತಿಳಿಯುತ್ತದೆ.

ಆ ಚಿಂತೆ ನಗರಕ್ಕೆ ಇಂದಿಗೂ ತಪ್ಪಿಲ್ಲ. 2022ರ ಮೇ ಮತ್ತು ಜೂನ್ ತಿಂಗಳಲ್ಲಿ ಕಲುಷಿತವಾದ ಕುಡಿಯುವ ನೀರಿನಿಂದ ರಾಯಚೂರಿನಲ್ಲಿ ಹಲವರು ಪ್ರಾಣ ಕಳೆದುಕೊಂಡರು. ನೀರು ಊರಿನ ತನಕ ಬಂದರೆ ಸಾಲದು, ಬಂದ ನೀರು ಶುದ್ಧವಾಗಿಯೂ ಇರಬೇಕು.

ಎರಡನೆಯ ದಿನ ದೇವದುರ್ಗ. ದಾರಿಯಲ್ಲಿ ಗಬ್ಬೂರಿನಲ್ಲಿ ಇಳಿಯಿರಿ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳೂ ಹಳೆಯ ಗುಡಿಗಳೂ ಅಲ್ಲಿ ಒಂದೇ ಊರಿನಲ್ಲಿ ಸಿಗುತ್ತವೆ. ದಾಸಸಾಹಿತ್ಯ ಓದುವವರಿಗೆ ಇನ್ನೊಂದು ಊರು: ಗೋಪಾಲದಾಸರು ಹುಟ್ಟಿದ ಮೊಸರಕಲ್ಲು ಇದೇ ತಾಲ್ಲೂಕಿನದು. ದೇವದುರ್ಗದ ಹೊಲಗಳಿಗೆ ನೀರುಣಿಸುವುದು ಕೃಷ್ಣೆಯ ಕಾಲುವೆ. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ನಾರಾಯಣಪುರದ ಜಲಾಶಯ ಮುಗಿದದ್ದು 1982ರಲ್ಲಿ. ಅದರ ಬಲದಂಡೆ ಕಾಲುವೆ ಇಲ್ಲಿಗೆ ಬರುವಷ್ಟರಲ್ಲಿ ಮಾನ್ವಿಯ ಕಡೆ ಕಾಲುವೆ ನೋಡಿದ ಒಂದು ತಲೆಮಾರೇ ಬೆಳೆದಿತ್ತು. 2002ರಲ್ಲಿ ವರದಿ ಕೊಟ್ಟ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಸೇರಿಸಿತು. ಕೃಷ್ಣಾ ನದಿ ತಾಲ್ಲೂಕಿನ ಅಂಚಿನಲ್ಲೇ ಹರಿಯುತ್ತದೆ ಎಂಬುದನ್ನು ನೆನಪಿಡಿ.

ಮೂರನೆಯ ದಿನಕ್ಕೆ ಮಾನ್ವಿ. ಇಲ್ಲಿಗೆ ಹೆಚ್ಚು ಹೊತ್ತು ಕೊಡಿ. ರಾಯಚೂರಿನಿಂದ ಸಿಂಧನೂರಿನ ರಸ್ತೆ ಹಿಡಿದರೆ ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ ಸಿಗುತ್ತದೆ. ರಾಯಚೂರು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಎದುರುದಡದ ಬಳ್ಳಾರಿ ಮದರಾಸಿನಲ್ಲಿತ್ತು. 1945ರ ಫೆಬ್ರವರಿ 28ರಂದು ಎರಡು ಸರ್ಕಾರಗಳೂ ತಂತಮ್ಮ ದಡದಲ್ಲಿ ಅಣೆಕಟ್ಟಿಗೆ ಬೇರೆ ಬೇರೆ ಅಡಿಗಲ್ಲು ಹಾಕಿದವು. 1953ರಲ್ಲಿ ಕಾಲುವೆಗೆ ನೀರು ಬಿಡುವ ಹೊತ್ತಿಗೆ ನಿಜಾಮರ ಆಳ್ವಿಕೆ ಮುಗಿದಿತ್ತು. 1956ರಲ್ಲಿ ಎರಡು ದಡಗಳೂ ಒಂದೇ ರಾಜ್ಯಕ್ಕೆ ಸೇರಿದವು.

ಈ ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರ್. ರೈತರು ಇಂದಿಗೂ ಅದನ್ನು ಮೈಲಿನಲ್ಲೇ ಲೆಕ್ಕ ಹಾಕುತ್ತಾರೆ. 69ನೇ ಮೈಲು, 104ನೇ ಮೈಲು ಎಂಬ ಮಾತು ಇಲ್ಲಿ ನಿಮ್ಮ ಕಿವಿಗೆ ಬೀಳುವುದು ಖಂಡಿತ. ಆ ಸ್ಥಳಗಳಲ್ಲಿ ನೀರಿನ ಮಟ್ಟ ಎಷ್ಟು ಅಡಿ ಇದೆ ಎಂಬುದರ ಮೇಲೆ ಕೆಳಗಿನ ಊರುಗಳ ಬೆಳೆ ನಿಂತಿದೆ. ಏಕೆಂದರೆ ಈ ಕಾಲುವೆಯನ್ನು ಯೋಜಿಸಿದ್ದು ಮುಖ್ಯವಾಗಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗಾಗಿ. ಇದ್ದ ನೀರನ್ನು ತೆಳುವಾಗಿ ಹರಡಿ ಹೆಚ್ಚು ಊರುಗಳನ್ನು ಬರದಿಂದ ಕಾಪಾಡಬೇಕೆಂಬುದು ಉದ್ದೇಶ. ಯಾವ ಹೊಲದಲ್ಲಿ ಯಾವ ಬೆಳೆ ಎಂದು ಕಾಗದದ ಮೇಲೆ ನಿಗದಿಯೂ ಆಗಿತ್ತು. ಆದರೆ ಮೇಲ್ಭಾಗದಲ್ಲಿ ನೀರು ಧಾರಾಳವಾಗಿ ಸಿಕ್ಕಿತು. ಆಂಧ್ರದ ಕರಾವಳಿಯಿಂದ ಭತ್ತದ ಬೇಸಾಯ ಬಲ್ಲ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡು ನೆಲೆಸಿದರು. ಸ್ಥಳೀಯರೂ ಅವರನ್ನು ನೋಡಿ ಭತ್ತ ಹಾಕಿದರು. ಗಂಗಾವತಿ, ಸಿಂಧನೂರು ಅಕ್ಕಿಯ ಪೇಟೆಗಳಾದವು. ಇದನ್ನು ತಪ್ಪೆಂದು ಸುಲಭವಾಗಿ ಹೇಳಲಾರೆ. ಕಣ್ಣೆದುರಿಗೆ ನೀರು ಹರಿಯುವಾಗ ಭತ್ತ ಬೇಡವೆನ್ನುವ ರೈತ ಯಾರು? ಆದರೆ ಅದರ ಬೆಲೆ ತೆತ್ತವರು ಮಾನ್ವಿ, ರಾಯಚೂರು ತಾಲ್ಲೂಕುಗಳ ಕೊನೆಯ ಭಾಗದವರು. ಅವರ ಪಾಲಿನ ನೀರು ದಾರಿಯಲ್ಲೇ ಮುಗಿಯುತ್ತದೆ. ನೀರಿಗಾಗಿ ಅವರು ರಸ್ತೆಗಿಳಿದು ಚಳವಳಿ ಮಾಡಿದ ಸುದ್ದಿ ವರ್ಷ ಬಿಟ್ಟು ವರ್ಷ ಬರುತ್ತಲೇ ಇರುತ್ತದೆ.

ಮೂಲದಲ್ಲೂ ಕೊರತೆಯಿದೆ. ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅದರ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ನದಿಗೆ ಹರಿದುಹೋಗುತ್ತಿರುವುದನ್ನು ಮಾನ್ವಿಯ ರೈತ ಹೇಗೆ ನೋಡಿರಬೇಕು, ಊಹಿಸಿ. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂಡಿಸಿದರು.

ಮಾನ್ವಿಯಲ್ಲಿ ಜಗನ್ನಾಥದಾಸರ ಸ್ಥಳವನ್ನೂ ತುಂಗಭದ್ರೆಯ ದಡದ ಚೀಕಲಪರ್ವಿಯನ್ನೂ ನೋಡಿ. ವಿಜಯದಾಸರು ಹುಟ್ಟಿದ್ದು ಚೀಕಲಪರ್ವಿಯಲ್ಲಿ. ಹೋಗುವುದಾದರೆ ಅಕ್ಟೋಬರ್ ನವೆಂಬರ್ ಒಳ್ಳೆಯದು. ಬಿಸಿಲು ತಗ್ಗಿರುತ್ತದೆ, ಪೈರು ಹೊಲದಲ್ಲಿರುತ್ತದೆ, ಕಾಲುವೆಯಲ್ಲಿ ನೀರೂ ಇರುತ್ತದೆ. ಅದು ಎಷ್ಟೇ ಶಾಂತವಾಗಿ ಕಂಡರೂ ಇಳಿಯಬೇಡಿ. ಸೆಳವು ಬಲವಾಗಿರುತ್ತದೆ, ದಂಡೆ ಜಾರುತ್ತದೆ. ಮೂವರು ನಾಲ್ವರ ಗುಂಪು ಮಾಡಿಕೊಂಡು ಮೇಲಿನ ಒಂದು ಊರಿನಲ್ಲಿ, ಕೆಳಗಿನ ಒಂದು ಊರಿನಲ್ಲಿ ಒಂದೇ ಪ್ರಶ್ನೆಗಳನ್ನು ಕೇಳಿ: ಯಾವ ಬೆಳೆ, ಎಷ್ಟು ಸರದಿ ನೀರು, ಬೇಸಿಗೆಯಲ್ಲಿ ಮನೆಯವರು ದುಡಿಯಲು ಯಾವ ಊರಿಗೆ ಹೋಗುತ್ತಾರೆ? ಉತ್ತರಗಳನ್ನು ಭೂಪಟದ ಮೇಲೆ ಗುರುತಿಸಿ.

ಹೊತ್ತು ಉಳಿದರೆ ಮಾನ್ವಿ ಸೀಮೆಯ ರಾಜೋಳಿಬಂಡೆಗೆ ಹೋಗಿ. ತುಂಗಭದ್ರೆಗೆ ಅಡ್ಡಲಾಗಿ ಅಲ್ಲಿ ಕಟ್ಟಿರುವ ಒಡ್ಡು ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಯೋಜಿಸಿದ್ದು. ಆಗ ಕಾಲುವೆಯ ತಲೆಯೂ ಬಾಲವೂ ಒಂದೇ ಸಂಸ್ಥಾನದಲ್ಲಿದ್ದವು. 1956ರ ಗಡಿರೇಖೆ ಅದನ್ನು ಎರಡಾಗಿಸಿತು. ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು ಅದರ 17.1 ಟಿಎಂಸಿ ನೀರಿನಲ್ಲಿ 1.2 ಟಿಎಂಸಿಯನ್ನು ಕರ್ನಾಟಕಕ್ಕೂ 15.9 ಟಿಎಂಸಿಯನ್ನು ಆಗಿನ ಆಂಧ್ರಪ್ರದೇಶಕ್ಕೂ ಹಂಚಿತು. 2014ರಿಂದ ಆ ದೊಡ್ಡ ಪಾಲು ತೆಲಂಗಾಣದ್ದು. ಕಾಲುವೆ ನಮ್ಮ ನೆಲದಲ್ಲಿ ಸುಮಾರು 42 ಕಿಲೋಮೀಟರ್ ಹರಿದು ಗಡಿ ದಾಟುತ್ತದೆ. ಅಲ್ಲಿಂದಾಚೆ ಗದ್ವಾಲದ ಕಡೆಯ ರೈತರೂ ಕಾಲುವೆಯ ಬಾಲದಲ್ಲಿ ಕುಳಿತು ನೀರಿನ ದಾರಿ ಕಾಯುತ್ತಾರೆ, ತೆಲುಗಿನಲ್ಲಿ.